ಐವತ್ತಾರನೆಯ ಕಂಬ

ರಾತ್ರಿಯಿಡೀ ಸುರಿದದ್ದು ಮಳೆಯೂ ಅಲ್ಲ, ಹಿಮವೂ ಅಲ್ಲ. ನೀರಾಗಿ ಇಳಿದು, ಮುಟ್ಟಿದಲ್ಲೆಲ್ಲ ಗಾಜಾಗಿ ನಿಂತಿತ್ತು. ಆ ಶುಕ್ರವಾರ ಬೆಳಗ್ಗೆ ಬಿನ್ಯಾಮಿನ್ ಅಡುಗೆಮನೆಯ ಪರದೆ ಸರಿಸಿದಾಗ ಎದುರುಮನೆಯ ಮೇಪಲ್ ಮರ, ಸಾಲು ಕಾರುಗಳು, ಕಸದ ಡಬ್ಬಿಗಳು ಎಲ್ಲವೂ ಆ ಗಾಜಿನೊಳಗೆ ಸಿಕ್ಕಿಕೊಂಡು ಹೊಳೆಯುತ್ತಿದ್ದವು. ಗಾಳಿ ಇರಲಿಲ್ಲ. ಎಲ್ಲೋ ಒಂದು ಟೊಂಗೆ ಲಟಕ್ಕನೆ ಮುರಿದು ಬಿತ್ತು. ಬೀದಿ ಮತ್ತೆ ಸುಮ್ಮನಾಯಿತು. ಅವನು ಆ ಹೊಳಪಿಗೆ ಬೆನ್ನು ತಿರುಗಿಸಿ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಚೌಕುಳಿ ಗೆರೆಗಳ ಕಾಗದದ ಮುಂದೆ ನಿಂತು ಎಡಗಣ್ಣು ಮುಚ್ಚಿದ. ನಡುವಿನ ಚುಕ್ಕೆ ಇರಲಿಲ್ಲ. ಸುತ್ತಲಿನ ಗೆರೆಗಳು ಬಾಗಿ ಬಳುಕಿ ಒಂದು ಬೂದುಬಣ್ಣದ ಗುಳಿಯೊಳಕ್ಕೆ ಇಳಿದುಹೋಗುತ್ತಿದ್ದವು. ಬಲಗಣ್ಣು ಮುಚ್ಚಿದ. ಇಲ್ಲಿ ಗುಳಿ ಚಿಕ್ಕದು, ಆದರೆ ಹೋದ ಶುಕ್ರವಾರ ಇನ್ನೂ ಚಿಕ್ಕದಿತ್ತು. ಆ ಕಾಗದ ಸಕ್ಕರೆ ಕಾಯಿಲೆಯ ಲೆಕ್ಕದ ಚೀಟಿ ಎಂದು ಅವನು ಹೆಂಡತಿಗೆ ಹೇಳಿದ್ದ.

ಹೆಂಡತಿ ಮಿಲ್ಕಾ ಒಲೆಯ ಪಕ್ಕದಲ್ಲಿ ಗಾಲಿಕುರ್ಚಿಯ ಮೇಲೆ ಕುಳಿತು, ತೊಡೆಯ ಮೇಲೆ ತಟ್ಟೆಯಿಟ್ಟುಕೊಂಡು ಅವಲಕ್ಕಿ ಆರಿಸುತ್ತಿದ್ದಳು. ಚಳಿಗಾಲಕ್ಕೆ ಮುಂಚೆ ಎಡಭಾಗಕ್ಕೆ ಲಕ್ವ ಹೊಡೆದ ಮೇಲೆ ಅವಳ ಬಲಗೈಯೇ ಎರಡೂ ಕೈಗಳ ಕೆಲಸ ಮಾಡುತ್ತಿತ್ತು. ಆರಿಸುತ್ತ, ನಾಳೆ ಹೇಳಬೇಕಾದ ಕಥೆಯನ್ನು ತುಟಿಯಲ್ಲೇ ಇಂಗ್ಲಿಷಿನಲ್ಲಿ ಉರುಹೊಡೆಯುತ್ತಿದ್ದಳು: ಹಡಗು ಒಡೆದು ಕೊಂಕಣದ ದಂಡೆಗೆ ಬಂದು ಬಿದ್ದ ನಮ್ಮ ಹಿರಿಯರು ಗಾಣದ ಕೆಲಸ ಕಲಿತರು, ಶನಿವಾರ ಮಾತ್ರ ಗಾಣ ಕಟ್ಟುತ್ತಿರಲಿಲ್ಲ, ಅದಕ್ಕೇ ಊರವರು ನಮ್ಮನ್ನು ಶನಿವಾರದ ಗಾಣಿಗರು ಎಂದರು. ನಾಳೆ ಶನಿವಾರ, ಯಹೂದಿಗಳ ವಿಶ್ರಾಂತಿಯ ದಿನ ಶಬ್ಬಾತ್. ಅಮೆರಿಕದ ಈ ಊರಿಗೆ ಬಂದ ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಸಲ ಪ್ರಾರ್ಥನಾಮಂದಿರದ, ಸಿನಗಾಗಿನ, ಹೆಂಗಸರು, ಪ್ರಾರ್ಥನೆ ಮುಗಿದ ಮೇಲಿನ ಊಟಕ್ಕೆ ನಿಮ್ಮ ಕಡೆಯ ತಿನಿಸೊಂದು ಮಾಡಿ, ಅದರ ಕಥೆಯನ್ನೂ ಹೇಳಿ ಎಂದು ಮಿಲ್ಕಾಳನ್ನು ಕೇಳಿದ್ದರು. ಅವಳು ಮಲೀದಾ ಎಂದಿದ್ದಳು: ನೆನೆಸಿದ ಅವಲಕ್ಕಿ, ಕಾಯಿತುರಿ, ಬೆಲ್ಲ, ಏಲಕ್ಕಿ, ಮೇಲೆ ಗುಲಾಬಿ ದಳ. ಹರಕೆ ತೀರಿದಾಗ ಪ್ರವಾದಿ ಏಲಿಯಾಹುವಿನ ಹೆಸರಿನಲ್ಲಿ ಹಂಚುವ ಪ್ರಸಾದ. ಎರಡು ವಾರದಿಂದ ಸೊಟ್ಟಗಾದ ತುಟಿಯನ್ನು ಕನ್ನಡಿಯ ಮುಂದೆ ತಿದ್ದಿಕೊಳ್ಳುತ್ತಿದ್ದಳು.

"ತಂತಿ ನೆಟ್ಟಗೈತಲ್ಲ?" ಎಂದಳು, ತಟ್ಟೆಯಿಂದ ಕಣ್ಣೆತ್ತದೆ.

"ಐತಿ."

"ಇನ್ನೂ ಹೊಸ್ತಿಲಾ ದಾಟಿಲ್ಲ. ಆಗ್ಲೇ ಐತಿ ಅಂತೀರಿ?"

"ಹನ್ನೆರಡು ವರ್ಷದಿಂದ ಐತಿ. ಇವತ್ತೆಲ್ಲಿ ಓಡಿಹೋಗ್ತೈತಿ?"

ಅವಳು ನಕ್ಕಳೋ ಇಲ್ಲವೋ ಅವನಿಗೆ ಕಾಣಲಿಲ್ಲ. ನೇರವಾಗಿ ನೋಡಿದರೆ ಈಗ ಅವಳ ಮುಖವೇ ಇರುವುದಿಲ್ಲ, ಕಿವಿಯ ಓಲೆ, ಕುತ್ತಿಗೆ, ಕುರ್ಚಿಯ ಹಿಡಿ ಇರುತ್ತವೆ; ಸ್ವಲ್ಪ ಪಕ್ಕಕ್ಕೆ, ಉಪ್ಪಿನ ಭರಣಿಯನ್ನು ನೋಡಿದರೆ ಮುಖ ತಾನಾಗಿ ಓರೆಯಲ್ಲಿ ಬಂದು ಕೂರುತ್ತದೆ. ನಲವತ್ತಾರು ವರ್ಷ ಕಟ್ಟಿಕೊಂಡವಳನ್ನು ಕದ್ದು ನೋಡುವ ಗತಿ. ಅವರ ಮನೆಯಲ್ಲಿ ದೇವರ ಹಾಡಿಗೆ ಮರಾಠಿ, ಪ್ರಾರ್ಥನೆಗೆ ಹೀಬ್ರೂ, ಆಸ್ಪತ್ರೆಗೆ ಇಂಗ್ಲಿಷು. ಜಗಳಕ್ಕೂ ನಗೆಗೂ ಹುಬ್ಬಳ್ಳಿಯ ರೈಲ್ವೆ ಕಾಲನಿಯ ಕನ್ನಡ. ಸುಳ್ಳೊಂದನ್ನು ಯಾವ ಭಾಷೆಯಲ್ಲಿ ಹೇಳಬೇಕೆಂದು ಹಿರಿಯರು ಗೊತ್ತುಮಾಡಿರಲಿಲ್ಲ. ಅದೂ ಕನ್ನಡದಲ್ಲೇ ಬಂತು.

ತಂತಿಯ ವಿಷಯ ಹೇಳಬೇಕು. ಶಬ್ಬಾತಿನ ದಿನ ಮನೆಯಿಂದ ಬೀದಿಗೆ ಏನನ್ನೂ ಹೊತ್ತೊಯ್ಯಬಾರದೆಂಬುದು ನೇಮ. ಕೀಲಿಕೈ, ಪ್ರಾರ್ಥನೆಯ ಪುಸ್ತಕ, ಕೈಗೂಸು ಯಾವುದೂ ಇಲ್ಲ. ಕೂಸಿನ ತಳ್ಳುಗಾಡಿಯಾಗಲಿ ರೋಗಿಯ ಗಾಲಿಕುರ್ಚಿಯಾಗಲಿ ಬಾಗಿಲಾಚೆ ಉರುಳುವಂತಿಲ್ಲ. ಆದರೆ ಅಂಗಳದೊಳಗೆ ಹೊರಬಹುದು. ಹಾಗಾಗಿ ಊರಿನ ಯಹೂದಿಗಳು ಊರ ಸುತ್ತ ಕಂಬದಿಂದ ಕಂಬಕ್ಕೆ ಒಂದು ಸಣ್ಣ ತಂತಿ ಎಳೆದುಕೊಂಡಿದ್ದಾರೆ. ಅದು ಎಲ್ಲೂ ಕಡಿಯದೆ ಸುತ್ತು ಕೂಡಿದ್ದರೆ ಇಡೀ ಊರು ಒಂದೇ ಮನೆಯ ಅಂಗಳ. ಒಂದು ಕಡೆ ಕಡಿದರೂ ಅಂಗಳವೇ ಇಲ್ಲ. ಏರುವ್ ಎನ್ನುತ್ತಾರೆ. ವಾರಕ್ಕೊಮ್ಮೆ, ಶುಕ್ರವಾರ, ಒಬ್ಬನು ಸುತ್ತಿ ನೋಡಿ ಬಂದು ಹೇಳಬೇಕು: ಇದೆ, ಅಥವಾ ಇಲ್ಲ. ಅವನ ಒಂದು ಮಾತಿನ ಮೇಲೆ ನಾನೂರು ಮನೆಯವರು ತಮ್ಮ ಕೂಸುಗಳನ್ನೆತ್ತಿಕೊಂಡು ಬೀದಿಗಿಳಿಯುತ್ತಾರೆ. ಆ ಒಬ್ಬ ಬಿನ್ಯಾಮಿನ್.

ಕಾರಿನ ಗಾಜಿನ ಮೇಲಿನ ಮಂಜುಗಡ್ಡೆ ಕೆರೆದು ತೆಗೆಯಲು ಕಾಲು ಗಂಟೆ ಹಿಡಿಯಿತು. ನೋಡುವುದಕ್ಕೆಂದು ಸಿನಗಾಗ್ ಕೊಟ್ಟಿದ್ದ ದುರ್ಬೀನು ಪಕ್ಕದ ಸೀಟಿನಲ್ಲಿತ್ತು, ಪಟ್ಟಿಯ ಚರ್ಮ ಅವನ ಕುತ್ತಿಗೆಯ ಬೆವರಿಗೆ ಕಪ್ಪಾಗಿತ್ತು. ಡ್ರೈವ್ ಮಾಡ್ಬೇಡಿ ಅಂಕಲ್, ಪ್ಲೀಸ್, ಎಂದಿದ್ದಳು ಮೆಹನಾಜ್. ಮೈಸೂರು ಮಂಡಿ ಮೊಹಲ್ಲಾದ ಹುಡುಗಿ, ಪಕ್ಕದ ಊರು ಮನ್ರೋದಲ್ಲಿ ಮನೆ, ಇಲ್ಲಿಯ ಪೇಟೆಬೀದಿಯಲ್ಲಿ ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೊಡುವ ಅಂಗಡಿ. ಡಿಸೆಂಬರಿನಲ್ಲಿ ಅವನ ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಇಂಗ್ಲಿಷು ಬಿಟ್ಟು ಕನ್ನಡಕ್ಕೆ ಇಳಿದಾಗಲೇ ಅವನಿಗೆ ತಿಳಿದಿತ್ತು. ಕಣ್ಣಿನ ಸೆಂಟರ್ ಹೋಗ್ತಾ ಇದೆ ಅಂಕಲ್, ಸೈಡ್ ಇರುತ್ತೆ, ಪೂರ್ತಿ ಕತ್ತಲಾಗಲ್ಲ, ವಾರವಾರ ಈ ಚೌಕುಳಿ ಕಾಗದದಲ್ಲಿ ನೋಡ್ಕೊಳ್ಳಿ, ದೊಡ್ಡ ಡಾಕ್ಟರ್‌ಗೆ ಬರೆದುಕೊಡ್ತೀನಿ. ಸಣ್ಣ ತಂತಿ ಕಾಣ್ತೈತೇನವಾ ಎಂದು ಕೇಳಿದ್ದ. ಯಾವ ತಂತಿ ಎಂದಳು. ಹೇಳಿದ. ಅವಳಿಗೆ ನಗು ತಡೆಯಲಾಗಲಿಲ್ಲ: ನಮ್ಮಮ್ಮನೂ ನಂಗೆ ಹೀಗೇ ಒಂದು ಗೆರೆ ಹಾಕಿದ್ರು ಅಂಕಲ್, ಸಂಜೆ ಅಜಾನ್ ಆದ್ಮೇಲೆ ದಾಟೋ ಹಾಗಿಲ್ಲ ಅಂತ, ಅದಕ್ಕೆ ತಂತಿ ಬೇಕಿರ್ಲಿಲ್ಲ, ಅವರ ಕಣ್ಣೇ ಸಾಕಿತ್ತು. ದೊಡ್ಡ ಡಾಕ್ಟರ ಚೀಟಿ ಕಾರಿನ ಡ್ರಾಯರಿನಲ್ಲಿ ಮಡಿಸಿದಂತೆಯೇ ಇತ್ತು. ಹೋದರೆ ಆ ಡಾಕ್ಟರು ಬರೆಯುತ್ತಾನೆ; ಬರೆದದ್ದು ಎಲ್ಲಾದರೂ ಹೋಗಿ ಸೇರುತ್ತದೆ; ಕಾಗದಗಳು ಎಲ್ಲಿ ಹೋಗಿ ಸೇರುತ್ತವೆಂದು ಅವನಿಗೆ ಗೊತ್ತು.

ಒಂದು ಕಾಗದ ಇಪ್ಪತ್ತೆರಡು ವರ್ಷದ ಹಿಂದೆ ಹೋಗಿ ಸೇರಿತ್ತು. ಈ ಊರಿಗೆ ಬಂದ ಹೊಸತು. ಶನಿವಾರದ ಊಟದ ಮೇಜಿನಲ್ಲಿ ಯಾರೋ, ನಿಮ್ಮ ಇಂಡಿಯಾದಲ್ಲಿ ಎಲ್ಲಿ ಪ್ರಾರ್ಥನೆ ಮಾಡುತ್ತಿದ್ದಿರಿ ಎಂದು ಕೇಳಿದಾಗ ಮಿಲ್ಕಾ ಸಹಜವಾಗಿ, ನಮ್ಮ ಮಸೀದಿಯಲ್ಲಿ, ಎಂದುಬಿಟ್ಟಿದ್ದಳು. ಕೊಂಕಣದ ಹಿರಿಯರು ಸಿನಗಾಗಿಗೆ ತಲೆತಲಾಂತರದಿಂದ ಹಾಗೇ ಅನ್ನುತ್ತ ಬಂದದ್ದು. ಮೇಜಿನ ಸುತ್ತ ಚಮಚಗಳು ನಿಂತವು. ಮುಖದ ಮೇಲೆ ಅನ್ನುವ ಜನವಲ್ಲ ಅವರು. ಮುಂದಿನ ವಾರ ಆಗಿನ ಧರ್ಮಗುರು, ರಬ್ಬಾಯ್, ಬಹಳ ಮೃದುವಾಗಿ, ಬಹಳ ಸುತ್ತಿ ಬಳಸಿ, ನಿಮ್ಮ ತಂದೆತಾಯಿಯ ಮದುವೆ ಪತ್ರವೇನಾದರೂ ಇದೆಯೇ, ನ್ಯೂಯಾರ್ಕಿನ ಹಿರಿಯರಿಗೆ ಒಮ್ಮೆ ತೋರಿಸಿದರೆ ಎಲ್ಲರಿಗೂ ಸಮಾಧಾನ, ಎಂದರು. ನೀವು ನಿಜಕ್ಕೂ ಯಹೂದಿಗಳೇ ಎಂಬುದು ಆ ಮಾತಿನೊಳಗಿನ ಪ್ರಶ್ನೆ. ಇತ್ತು. ಟ್ರಂಕಿನ ತಳದಲ್ಲಿ ಅವ್ವನ ರೇಶಿಮೆ ಸೀರೆಯ ಮಡಿಕೆಯೊಳಗೆ, ಅಂಚಿಗೆ ನೀಲಿ ನವಿಲುಗಳನ್ನು ಬರೆದ ಕೆತುಬಾ, ಅಪ್ಪನ ಹೆಸರು, ಅವ್ವನ ಹೆಸರು, ಸಾಕ್ಷಿಗಳ ಹೆಸರು. ಸಿನಗಾಗಿನ ಆಫೀಸಿನ ಶರ್ಲಿ ಅದನ್ನು ಕಂದು ಲಕೋಟೆಯಲ್ಲಿಟ್ಟುಕೊಂಡು, ಒಂದು ವಾರದಲ್ಲಿ ಕೊಡುತ್ತೇವೆ ಅಂದಳು. ಒಂದು ವಾರ ಕಳೆಯಿತು. ಒಂದು ವರ್ಷ ಕಳೆಯಿತು. ಅವನು ಕೇಳಲಿಲ್ಲ. ಕೇಳಿದರೆ, ಇನ್ನೂ ಉತ್ತರ ಬಂದಿಲ್ಲ ಎಂದುಬಿಟ್ಟರೆ? ಅಲ್ಲಿಂದ ಮುಂದೆ ಯಾರು ನಕ್ಕು ಮಾತಾಡಿಸಿದರೂ ಆ ಲಕೋಟೆ ನಡುವೆ ನಿಂತಿರುತ್ತಿತ್ತು. ಹನ್ನೆರಡು ವರ್ಷದ ಹಿಂದೆ ತಂತಿ ನೋಡುತ್ತಿದ್ದ ಮುದುಕ ಫ್ಲೋರಿಡಾಕ್ಕೆ ಹೊರಟಾಗ, ಚಳಿಯಲ್ಲಿ ಸುತ್ತುವ ಈ ಕೆಲಸಕ್ಕೆ ಯಾರೂ ಕೈಯೆತ್ತದಿದ್ದಾಗ, ಬಿನ್ಯಾಮಿನ್ ಹಿಂದಿನ ಬೆಂಚಿನಿಂದ ಎದ್ದು ನಿಂತಿದ್ದ. ನಮ್ಮಪ್ಪ ರೈಲ್ವೆಯಲ್ಲಿ ಕೀಮನ್ ಆಗಿದ್ದ, ದಿನಾ ಆರು ಮೈಲಿ ಹಳಿ ನಡೆದು ನೋಡುತ್ತಿದ್ದ, ನನಗೆ ಬರುತ್ತದೆ ಎಂದಿದ್ದ. ಅಂದಿನಿಂದ ಅವನ ಮಾತಿಲ್ಲದೆ ಈ ಊರಿಗೆ ಶಬ್ಬಾತ್ ಸುಸೂತ್ರ ಬರುವಂತಿರಲಿಲ್ಲ. ಯಾರ ಮಾತನ್ನು ನಂಬಿ ಇಷ್ಟು ಜನ ನಡೆಯುತ್ತಾರೋ ಅವನ ಲಕೋಟೆಯನ್ನು ಯಾರು ಕೇಳಿಯಾರು?

ಇಪ್ಪತ್ತು ಮೈಲಿಯ ವೇಗ ದಾಟದೆ, ತಲೆಯನ್ನು ಕೋಳಿಯಂತೆ ಓರೆ ಮಾಡಿಕೊಂಡು ಅವನು ಪೇಟೆಬೀದಿ ದಾಟಿದ. ಒಂದರಿಂದ ನಲವತ್ತೊಂಬತ್ತರವರೆಗಿನ ಕಂಬಗಳು ಸುಲಭ, ದೊಡ್ಡ ಕರೆಂಟು ಕಂಬಗಳು. ಮಂಜು ಮೆತ್ತಿಕೊಂಡು ತಂತಿ ಹೆಬ್ಬೆರಳಿನ ಗಾತ್ರವಾಗಿದ್ದರಿಂದ ಈ ದಿನ ಓರೆಗಣ್ಣಿಗೂ ಕಂಡಿತು. ದೇವರು ದಾರಿ ತೋರಿಸುತ್ತಿದ್ದಾನೆ ಎಂದುಕೊಂಡ. ಮರುಕ್ಷಣ, ಯಾವುದಕ್ಕೆ ತೋರಿಸುತ್ತಿದ್ದಾನೆ ಎಂದು ತನ್ನನ್ನೇ ಕೇಳಿಕೊಂಡ. ಗೂಡ್ಸ್ ರೈಲಿನ ಹಳಿಗಳ ಹಿಂದೆ, ಹಳ್ಳದ ಗುಂಟ, ಐವತ್ತರಿಂದ ಅರವತ್ತರವರೆಗೆ ಇರುವುದು ಸಿನಗಾಗಿನವರೇ ನೆಟ್ಟ ಸಣ್ಣ ಕಬ್ಬಿಣದ ಪೈಪುಗಳು. ಅಲ್ಲಿಗೆ ಕಾರು ಹೋಗುವುದಿಲ್ಲ, ಇಳಿದು ನಡೆಯಬೇಕು. ಏಳು ವಾರದಿಂದ ಅವನು ಅಲ್ಲಿ ಹಳಿಯ ಈಚೆಯೇ ನಿಂತು ದುರ್ಬೀನು ಎತ್ತುತ್ತಿದ್ದ. ನಡುವೆ ಒಂದು ಕಡೆ ತಂತಿ ಇರುತ್ತಿರಲಿಲ್ಲ. ದುರ್ಬೀನು ಸರಿಸಿದರೆ ಆ ಇಲ್ಲದ ಜಾಗವೂ ಸರಿಯುತ್ತಿತ್ತು. ಕಡಿದಿರುವುದು ನನ್ನ ಕಣ್ಣು, ತಂತಿಯಲ್ಲ, ಎಂದುಕೊಂಡು ಫೋನೆತ್ತಿ ಶರ್ಲಿಗೆ, ಇದೆ, ಅನ್ನುತ್ತಿದ್ದ. ಮಧ್ಯಾಹ್ನ ಶರ್ಲಿಯ ಮುದಿದನಿ ಯಂತ್ರದಲ್ಲಿ ದಾಖಲಾಗುತ್ತಿತ್ತು, ಊರಿನವರು ಆ ನಂಬರಿಗೆ ಫೋನು ಮಾಡಿ ಕೇಳುತ್ತಿದ್ದರು: ಏರುವ್ ಇದೆ, ಶಬ್ಬಾತ್ ಶಾಲೋಮ್. ಏಳು ಸಲ. ಏಳು ಶನಿವಾರ ಮಿಲ್ಕಾಳ ಕುರ್ಚಿಯನ್ನು ಅವನೇ ತಳ್ಳಿಕೊಂಡು ಹೋದ, ಎದುರು ಸಿಕ್ಕವರು ನಿಂತು ಅವಳ ಕೈ ಹಿಡಿದು ಮಾತಾಡಿಸಿದರು, ಅವಳು ತುಟಿ ಸೊಟ್ಟಮಾಡಿ ನಕ್ಕಳು. ನಂಬಿ ನಡೆಯುವವನಿಗೆ ದೋಷವಿಲ್ಲ, ನಂಬಿಸಿದವನ ತಲೆಗೆ ಎಲ್ಲ. ಹಿರಿಯರ ಈ ಮಾತು ಅವನಿಗೆ ಗೊತ್ತಿಲ್ಲದ್ದೇನಲ್ಲ.

ಶಾಲೆಯ ಮುಂದಿನ ಅಡ್ಡರಸ್ತೆಯಲ್ಲಿ ಅವನು ಬಲಗಡೆ ಮೇಲೆ ತಂತಿ ನೋಡುತ್ತಿದ್ದ. ಮುಂದಿನ ರಸ್ತೆ ಖಾಲಿಯಿತ್ತು, ಬೂದು ಗುಳಿಯಷ್ಟೇ ಇತ್ತು, ಗುಳಿಯ ಅಂಚಿನಲ್ಲೊಂದು ಕೆಂಪು ಚಕ್ರ ಇಣುಕಿತು. ಕಾಲು ತಾನೇ ಬ್ರೇಕಿನ ಮೇಲೆ ಎದ್ದು ನಿಂತಿತು. ಕಾರು ನಿಲ್ಲಲಿಲ್ಲ, ಗಾಜಿನ ಮೇಲೆ ಜಾರಿದಂತೆ ಸದ್ದಿಲ್ಲದೆ ಜಾರುತ್ತ, ಒಂದು ಜೀವಮಾನದಷ್ಟು ಹೊತ್ತು ಜಾರುತ್ತ ಹೋಗಿ ಪಕ್ಕದ ಮಂಜಿನ ಗುಪ್ಪೆಗೆ ಮೂತಿ ಕೊಟ್ಟು ನಿಂತಿತು. ಒಂದು ಮಾರು ದೂರದಲ್ಲಿ ಕೆಂಪು ತಳ್ಳುಗಾಡಿ. ಗಾಡಿಯ ಹಿಂದೆ ತೋವಾ. ಅವರ ಬೀದಿಯ ಕೊನೆಯ ಮನೆಯ ಎಳೇ ಬಾಣಂತಿ. ಅವಳು ಗಾಡಿಯನ್ನು ಎದೆಗೆ ಎಳೆದುಕೊಂಡು ಒಂದು ಗಳಿಗೆ ಹಾಗೇ ನಿಂತಳು. ಆಮೇಲೆ ಅವನ ಗುರುತು ಸಿಕ್ಕಿ ಅವಳ ಹೆಗಲು ಸಡಿಲವಾಯಿತು, ಹತ್ತಿರ ಬಂದು ಕಿಟಕಿ ತಟ್ಟಿದಳು. ಈ ಹಾಳು ಮಂಜಿಗೆ ಯಾರ ಕಾರೂ ನಿಲ್ಲುವುದಿಲ್ಲ ಎಂದು ತಾನೇ ಅವನನ್ನು ಸಮಾಧಾನ ಮಾಡಿದಳು. ಹೆರಿಗೆಯಾದ ಮೇಲೆ ಇನ್ನೂ ಒಂದು ಶನಿವಾರವೂ ಹೊರಬಿದ್ದಿಲ್ಲವಂತೆ, ನಾಳೆ ಕೂಸನ್ನು ಕರೆದುಕೊಂಡು ಮಿಲ್ಕಾ ಆಂಟಿಯ ಕಥೆ ಕೇಳಲು ಬರುತ್ತಾಳಂತೆ.

"ತಂತಿ ಇದೆ ತಾನೇ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಅವನು ಅವಳ ಕಿವಿಯ ಪಕ್ಕದ ಗೋಡೆಯನ್ನು ನೋಡುತ್ತ, ಇನ್ನೂ ನೋಡಬೇಕು, ಎಂದ. ಏಳು ವಾರದಲ್ಲಿ ಅವನು ಆಡಿದ ಮೊದಲ ನಿಜ ಅದು. ಅವಳು ಕೈಬೀಸಿ ಹೋದಳು. ಗಾಡಿಯೊಳಗಿನ ಕೂಸು ಎಚ್ಚರವಾಗಿರಲಿಲ್ಲ. ಅದರ ತಲೆಯ ಟೊಪ್ಪಿಗೆ ಹಳದಿ. ಮಂಜು ಗುಪ್ಪೆ ಅಲ್ಲಿರದಿದ್ದರೆ, ಕಾರಿನ ಮೂತಿ ಇತ್ತ ತಿರುಗಿದ್ದರೆ. ಅವನು ಎಂಜಿನ್ ಆರಿಸಿ ಕೀಲಿ ತೆಗೆದ. ಕಾರನ್ನು ಅಲ್ಲೇ ಬಿಟ್ಟು ಇಳಿದು, ದುರ್ಬೀನು ಕುತ್ತಿಗೆಗೆ ಹಾಕಿಕೊಂಡು ಹಳಿಗಳ ಕಡೆ ನಡೆದ.

ಹಳಿ ಕಂಡರೆ ಅವನ ಕಾಲು ತಾನಾಗಿ ಹಳಿಯಡಿಯ ಸ್ಲೀಪರ್ ದಿಮ್ಮಿಗಳ ಅಳತೆಗೆ ಹೊಂದಿಕೊಳ್ಳುತ್ತದೆ. ಅವನು ಹುಡುಗನಾಗಿದ್ದಾಗ ಅಳ್ನಾವರದ ರೈಲ್ವೆ ಕ್ವಾರ್ಟರ್ಸಿನಿಂದ ನಸುಕಿನಲ್ಲಿ ಅಪ್ಪ ಹೊರಡುತ್ತಿದ್ದ, ಹೆಗಲಮೇಲೆ ಉದ್ದ ಹಿಡಿಯ ಸುತ್ತಿಗೆ. ಸಡಿಲಾದ ಬೆಣೆ ಕಂಡಲ್ಲಿ ಒಂದೇಟು, ಕಾಣದಿದ್ದರೆ ಹಳಿಗೇ ಒಂದೇಟು; ಕಿವಿಗೊಟ್ಟು ಕೇಳುತ್ತಿದ್ದ. ಗಟ್ಟಿ ಹಳಿ ಹಾಡುತ್ತೈತಿ, ಸೀಳಿದ್ದು ಕೆಮ್ಮುತ್ತೈತಿ, ಕಣ್ಣು ಬರೇ ಸಾಕ್ಷಿ, ಕಿವಿನೇ ಜಡ್ಜು, ಅನ್ನುತ್ತಿದ್ದ. ಶನಿವಾರ ಅಪ್ಪ ಸುತ್ತಿಗೆ ಮುಟ್ಟುತ್ತಿರಲಿಲ್ಲ. ಆ ದಿನದ ನಡಿಗೆಯನ್ನು ಗ್ಯಾಂಗಿನ ಯಲ್ಲಪ್ಪ ನಡೆಯುತ್ತಿದ್ದ, ಯಲ್ಲಪ್ಪನ ಅಮಾವಾಸ್ಯೆ ಹುಣ್ಣಿಮೆಗಳನ್ನು ಅಪ್ಪ. ಹತ್ತೊಂಬತ್ತು ವರ್ಷ ಹೀಗೆ ಒಬ್ಬರ ದೇವರ ದಿನವನ್ನು ಇನ್ನೊಬ್ಬರು ಕಾದರು. ಒಂದು ಚಳಿಗಾಲದ ಶುಕ್ರವಾರ ಅಪ್ಪ ಹೊತ್ತಿಗೆ ಮುಂಚೆ ಮನೆಗೆ ಬಂದ. ಹೊತ್ತು ಮುಳುಗುವುದರೊಳಗೆ ದೀಪ ಹಚ್ಚಬೇಕು, ಕೊನೆಯ ಅರ್ಧ ಮೈಲಿ ಬಿಟ್ಟು ಬಂದೆ ಎಂದು ಅವ್ವನಿಗೆ ಹೇಳಿದ್ದನ್ನು ಬಚ್ಚಲಲ್ಲಿ ಕಾಲು ತೊಳೆಯುತ್ತಿದ್ದ ಬಿನ್ಯಾಮಿನ್ ಕೇಳಿಸಿಕೊಂಡ. ಶನಿವಾರ ಬೆಳಗ್ಗೆ ಯಲ್ಲಪ್ಪ ಹೊರಡುವ ಮೊದಲೇ, ಆ ಅರ್ಧ ಮೈಲಿಯಲ್ಲಿ ಕಟ್ಟಿಗೆ ತುಂಬಿದ ಗೂಡ್ಸ್ ಬಂಡಿಯ ಎರಡು ಡಬ್ಬಿ ಹಳಿ ತಪ್ಪಿದವು. ಯಾರೂ ಸಾಯಲಿಲ್ಲ. ಸಾಹೇಬ ಬಂದು, ಶನಿವಾರದ ಪಾಳಿ ಯಾರದು ಎಂದು ಕೇಳಿದ. ಯಲ್ಲಪ್ಪಂದು, ಎಂದ ಅಪ್ಪ. ಅದು ಸುಳ್ಳಲ್ಲ. ಅಪ್ಪ ಆಡದೆ ಬಿಟ್ಟ ಮಾತು ಮಾತ್ರ ಉಳಿಯಿತು. ಊರಲ್ಲಿ ನಮ್ಮವು ನಾಲ್ಕೇ ಮನೆ, ಕೆಲಸ ಹೋದರೆ ಎಲ್ಲಿ ನಿಲ್ಲುವುದು ಎಂದು ಅವ್ವ ಕತ್ತಲಲ್ಲಿ ಅನ್ನುತ್ತಿದ್ದಳು. ಯಲ್ಲಪ್ಪನನ್ನು ತೆಗೆದುಹಾಕಿದ ದಿನ ಸಂಜೆ ಅವನು ಬಂದು, ಶನಿವಾರಕ್ಕೆಂದು ತನ್ನಲ್ಲಿ ಇಟ್ಟುಕೊಂಡಿದ್ದ ಅಪ್ಪನ ಇನ್ನೊಂದು ಸುತ್ತಿಗೆಯನ್ನು ಹೊಸ್ತಿಲ ಮೇಲೆ ಮೆಲ್ಲಗೆ ಇಟ್ಟು, ಕರೆದರೂ ತಿರುಗದೆ ಹೋದ. ಅಲ್ಲಿಂದ ಮುಂದೆ ಅಪ್ಪ ಶುಕ್ರವಾರದ ಪ್ರಾರ್ಥನೆಯನ್ನು ಗಟ್ಟಿಯಾಗಿ ಹೇಳಿದ್ದನ್ನು ಬಿನ್ಯಾಮಿನ್ ಕೇಳಲೇ ಇಲ್ಲ. ತುಟಿ ಅಲುಗುತ್ತಿತ್ತು, ಅಷ್ಟೆ.

ಐವತ್ತನೆಯ ಪೈಪಿನ ಬುಡದಲ್ಲಿ ನಿಂತು ದುರ್ಬೀನು ಎತ್ತಿದ. ಹೊಳಪೇ ಹೊಳಪು. ಬಿಸಿಲು ಏರಿ, ಪ್ರತಿ ಪೊದೆಯೂ ಪ್ರತಿ ಹುಲ್ಲೂ ತಂತಿಯಂತೆ ಮಿನುಗುತ್ತಿತ್ತು. ಓರೆ ನೋಡಿದ, ಮೇಲೆ ನೋಡಿ ಕೆಳಗಿನದನ್ನು ಹಿಡಿಯಲು ನೋಡಿದ, ಕಣ್ಣಲ್ಲಿ ನೀರು ಬಂತು. ದುರ್ಬೀನು ಎದೆಗೆ ಬಿತ್ತು. ಆಗ ಅವನು ಎರಡೂ ಕೈಯಲ್ಲಿ ಪೈಪನ್ನು ಹಿಡಿದು, ಹಣ್ಣು ಉದುರಿಸಲು ಬಾರೆಗಿಡ ಅಲುಗಿಸುವ ಹುಡುಗನಂತೆ ಅಲುಗಿಸಿದ. ತಲೆಯ ಮೇಲಿನಿಂದ ಶುರುವಾಗಿ ಸದ್ದು ಮುಂದಕ್ಕೆ ಓಡಿತು: ತಂತಿಗೆ ಮೆತ್ತಿದ್ದ ಮಂಜು ಚೂರು ಚೂರಾಗಿ ಗಟ್ಟಿ ಹಿಮದ ಮೇಲೆ ಉದುರುತ್ತ, ಕಿಣಿಕಿಣಿ ಎನ್ನುತ್ತ, ಐವತ್ತೊಂದರವರೆಗೆ. ಇದೆ. ಅಲ್ಲಿಗೆ ನಡೆದ, ಅಲುಗಿಸಿದ. ಕಿಣಿಕಿಣಿ ಐವತ್ತೆರಡರವರೆಗೆ. ಇದೆ. ಐವತ್ಮೂರು, ಐವತ್ನಾಲ್ಕು. ಎಪ್ಪತ್ತೊಂದು ವರ್ಷದ ಕಾಲು ಜಾರುತ್ತಿದ್ದರೂ ಎದೆಯಲ್ಲಿ ಏನೋ ಹಗುರಾಗತೊಡಗಿತು. ಇಷ್ಟು ದಿನ ಸುಮ್ಮನೆ ಹೆದರಿದೆ, ಕಾಯುವವನು ಮೇಲಿದ್ದಾನೆ. ಐವತ್ತೈದು. ಕಿಣಿಕಿಣಿ. ಐವತ್ತಾರನೆಯದನ್ನು ಅಲುಗಿಸಿದ. ಅವನ ಕಾಲ ಬುಡದಲ್ಲಿ ನಾಲ್ಕು ಚೂರು ಬಿದ್ದವು. ಮುಂದಕ್ಕೆ ಏನೂ ಓಡಲಿಲ್ಲ.

ಮತ್ತೆ ಅಲುಗಿಸಿದ. ಹಳ್ಳದ ಮಂಜಿನಡಿ ನೀರು ಗೊಣಗುವುದಷ್ಟೇ ಕೇಳಿತು.

ರಾತ್ರಿಯ ಮಂಜಿಗೆ ಕಡಿದಿರಬೇಕು, ರಾತ್ರಿಯದೇ, ಎನ್ನುತ್ತ ಅವನು ಮೊಣಕಾಲೂರಿ ಹಿಮದ ಮೇಲೆ ಕೈಯಾಡಿಸಿದ. ಮೇಲಿನ ಗಾಜಿನ ಪದರದ ಮೇಲೆ ತಂತಿ ಇರಲಿಲ್ಲ. ಪೈಪಿನ ತುದಿಯಿಂದ ಒಂದು ಗೇಣು ನೇತಾಡುತ್ತಿತ್ತು, ಉಳಿದದ್ದು? ಗಾಜು ಒಡೆದ. ಅದರ ಕೆಳಗೆ ಹೋದ ವಾರದ ಮೆತ್ತನೆಯ ಹಿಮ, ಅದರ ಕೆಳಗೆ ಕಲ್ಲಾಗಿ ಕೂತಿದ್ದ, ಮಸಿಬಣ್ಣದ, ಜನವರಿ ಮೊದಲ ವಾರದ ದೊಡ್ಡ ಹಿಮ. ಉಗುರಿನಿಂದ, ಆಮೇಲೆ ಒಂದು ಕಲ್ಲಿನಿಂದ ಕೆದಕಿದ. ತಂತಿ ಆ ಕಲ್ಲು ಹಿಮದ ಅಡಿಯಲ್ಲಿ, ಸತ್ತ ಹುಲ್ಲಿಗೆ ಅಂಟಿಕೊಂಡು ಮಲಗಿತ್ತು. ಏಳು ವಾರದ ಎಲ್ಲ ಹಿಮವೂ ಒಂದರ ಮೇಲೊಂದು ಅದರ ಮೇಲೆ ಬಿದ್ದಿತ್ತು, ವಾರಕ್ಕೊಂದು ಪದರ.

ಆಗ ಅವನು ಮಾಡಿದ್ದನ್ನು ಯಾರೂ ನೋಡಲಿಲ್ಲ, ನೋಡುವವನು ನೋಡಿರಬೇಕು. ಕೈಗವಸು ಕಿತ್ತೆಸೆದು ತಂತಿಯನ್ನು ಎಳೆದ. ಎಳೆದು ಹಲ್ಲಿನಲ್ಲಿ ಕಚ್ಚಿ ಪೈಪನ್ನು ಏರಲು ನೋಡಿದ. ಬೂಟು ಜಾರಿ ಬಿದ್ದ. ಮತ್ತೆ ನೋಡಿದ. ನೇತಾಡುವ ತುದಿ ಅವನ ಬೆರಳಿಗಿಂತ ಎರಡು ಮೊಳ ಮೇಲಿತ್ತು. ಕೋಲೊಂದರ ತುದಿಗೆ ಸುತ್ತಿ ಎತ್ತಿದ, ತಂತಿ ಬಿಚ್ಚಿಕೊಂಡು ಅಂಗೈ ಸೀಳಿ ಹೋಯಿತು. ಹೇ ಏಲಿಯಾಹು ಹನ್ನಾವಿ ಎಂದ. ಕೊಂಕಣದ ಖಂಡಾಲದ ಬಂಡೆಯ ಮೇಲೆ ಕುದುರೆಯ ಗೊರಸಿನ ಗುರುತು ಉಳಿಸಿ ಆಕಾಶಕ್ಕೇರಿದ ಪ್ರವಾದಿ, ಎರಡು ಮೊಳ ಎತ್ತರಕ್ಕೆ ಒಂದು ತಂತಿ ಎತ್ತಿಕೊಡಲಾರನೇ? ರಕ್ತ ಹಿಮದ ಮೇಲೆ ಗುಲಾಬಿ ದಳದಂತೆ ಬಿತ್ತು, ಅದು ಅವನಿಗೆ ಸ್ಪಷ್ಟವಾಗಿ ಕಂಡಿತು, ಓರೆಯಲ್ಲಿ. ಹಿಮದ ಮೇಲೆ ಕುಳಿತೇ ಯೋಚಿಸಿದ. ಇದೆ ಎನ್ನಬಹುದು, ನಾಳೆ ಮಿಲ್ಕಾ ಮಾತಾಡುತ್ತಾಳೆ. ರಾತ್ರಿಯ ಮಂಜಿಗೆ ಕಡಿಯಿತು ಎನ್ನಬಹುದು. ಯಾರೂ ಒಂದು ಮಾತು ಅನ್ನುವುದಿಲ್ಲ, ಪಾಪ ಈ ಚಳಿಯಲ್ಲಿ ಮುದುಕ ನಡೆದು ಹೋಗಿ ನೋಡಿ ಬಂದ ಎನ್ನುತ್ತಾರೆ, ದುರ್ಬೀನು ಅವನ ಕುತ್ತಿಗೆಯಲ್ಲೇ ಇರುತ್ತದೆ. ಅದು ಸುಳ್ಳೂ ಅಲ್ಲ ಎನಿಸುವಷ್ಟು ನಿಜದ ಹತ್ತಿರ. ಶನಿವಾರದ ಪಾಳಿ ಯಾರದು? ಯಲ್ಲಪ್ಪಂದು. ಅಂಗೈಗೆ ಕರವಸ್ತ್ರ ಸುತ್ತಿಕೊಂಡು ಎದ್ದಾಗ ಯಾವ ಮಾತು ಬಾಯಿಗೆ ಬಂದೀತೆಂದು ಅವನಿಗೆ ಇನ್ನೂ ಗೊತ್ತಿರಲಿಲ್ಲ.

ಸಿನಗಾಗಿನ ಆಫೀಸಿನಲ್ಲಿ ಹೀಟರು ಗುಟುಗುಟು ಎನ್ನುತ್ತಿತ್ತು. ಶರ್ಲಿಗೆ ಎಂಬತ್ತು ದಾಟಿದೆ. ಅವಳ ಅಜ್ಜ ಪೋಲೆಂಡಿನಿಂದ ಬಂದು ಈ ಊರ ಹೊರಗೆ ಕೋಳಿ ಸಾಕಿದವನು. ಅವಳು ಮಾತ್ರ ಈ ಕುರ್ಚಿ ಬಿಟ್ಟು ಎಲ್ಲಿಗೂ ಹೋದವಳಲ್ಲ. ಫೋನು ಮಾಡುವವನು ತಾನೇ ಬಂದು ನಿಂತದ್ದು ನೋಡಿ ಕನ್ನಡಕ ಮೇಲೇರಿಸಿದಳು. ಕೈಯ ಕರವಸ್ತ್ರ ನೋಡಿದಳು. ದಾಖಲು ಯಂತ್ರದ ಗುಂಡಿಯ ಮೇಲೆ ಬೆರಳಿತ್ತು.

"ಇದೆಯೋ, ಇಲ್ಲವೋ?"

"ಇಲ್ಲ."

"ಈ ರಾತ್ರಿ ಸುರಿದದ್ದಕ್ಕೆ ಇನ್ನೇನು ಉಳಿದೀತು," ಎಂದಳು ಶರ್ಲಿ. ನುಣುಚಿಕೊಳ್ಳುವ ಬಾಗಿಲು ತಾನಾಗಿ ತೆರೆದುಕೊಂಡಿತ್ತು, ಕಾಲು ಮುಂದಿಟ್ಟರೆ ಸಾಕಿತ್ತು. ಹೀಟರು ಒಮ್ಮೆ ನಿಂತು ಮತ್ತೆ ಶುರುವಾಯಿತು.

"ರಾತ್ರಿಯದಲ್ಲ, ಶರ್ಲಿ," ಎಂದ. "ಏಳು ವಾರವಾಯಿತು. ನನ್ನ ಕಣ್ಣು ಹೋಗಿದೆ. ನೋಡದೆಯೇ ಇದೆ ಅನ್ನುತ್ತಿದ್ದೆ."

ಅವಳು ಗುಂಡಿಯಿಂದ ಬೆರಳು ತೆಗೆದಳು. ತಿಳಿಯದೆ ಹೊತ್ತವರಿಗೆ ದೋಷವಿಲ್ಲ, ರಬ್ಬಾಯಿಗೆ ನಾನು ಹೇಳುತ್ತೇನೆ, ಅವರಾದರೂ ಜನಕ್ಕೆ ಏಳು ವಾರದ ಸುದ್ದಿ ಹೇಳಲಿಕ್ಕಿಲ್ಲ, ಹಳೆಯದನ್ನು ಎಬ್ಬಿಸಿ ಯಾರಿಗೆ ಏನು ಲಾಭ, ಎಂದಳು. ತಂತಿ ಕಟ್ಟುವವನು ಭಾನುವಾರಕ್ಕೆ ಮುಂಚೆ ಬರಲಾರ, ರಸ್ತೆಗಳೇ ಮುಚ್ಚಿವೆ, ಎಂದೂ ಹೇಳಿದಳು. ಅವನು ತಲೆಯಾಡಿಸಿದ. ಕುತ್ತಿಗೆಯಿಂದ ದುರ್ಬೀನು ತೆಗೆದು, ಪಟ್ಟಿಯನ್ನು ಸುತ್ತಿ, ಅವಳ ಮೇಜಿನ ಮೇಲಿಟ್ಟ. ಶರ್ಲಿ ಯಂತ್ರದ ಹತ್ತಿರ ಬಾಗಿ, ದನಿ ಸರಿಮಾಡಿಕೊಂಡು, ಏರುವ್ ಇಲ್ಲ, ಯಾರೂ ಏನನ್ನೂ ಹೊರಬೇಡಿ, ಶಬ್ಬಾತ್ ಶಾಲೋಮ್, ಎಂದಳು. ಅವಳ ಫೋನಿನಿಂದಲೇ ಅವನು ಮನೆಗೆ ಮಾಡಿದ. ನಿಂತುಕೊಂಡೇ ಎಲ್ಲ ಹೇಳಿದ, ತಂತಿ, ಕಣ್ಣು, ಕೆಂಪು ಗಾಡಿ.

"ಅದು ಸಕ್ರಿ ಚೀಟಿ ಅಲ್ಲಂತ ನನಗ ಗೊತ್ತಿತ್ತು," ಎಂದಳು ಮಿಲ್ಕಾ. ಲಕ್ವದ ಮೇಲೆ ಅವಳ ಮಾತು ನಿಧಾನ. ಪ್ರತಿ ಮಾತೂ ಎಣಿಸಿ ಇಟ್ಟಂತೆ. "ಚಾ ಬಸಿ ಬಿಟ್ಟು ಬಾಜೂಕ ಸುರೀತಿದ್ರಿ. ಕೇಳಲಿಲ್ಲ. ಕೇಳಿದ್ರ ನನ್ನ ಶನಿವಾರ ಹೋಗ್ತಿತ್ತು."

ಇಷ್ಟು ದಿನ ಒಬ್ಬನೇ ಹೊರುತ್ತಿದ್ದೇನೆಂದುಕೊಂಡದ್ದರ ಇನ್ನೊಂದು ತುದಿ ಆ ಕುರ್ಚಿಯಲ್ಲಿ ಕುಳಿತವಳ ಒಂದೇ ಕೈಯಲ್ಲಿತ್ತು.

"ಅವಲಕ್ಕಿ ನೆನೆಸಿಬಿಟ್ಟೀನಿ," ಎಂದಳು. "ಬರ್ರಿ. ಕಾರು ಬ್ಯಾಡ. ನಡಕೊಂತ ಬರ್ರಿ."

ಅವನು ಫೋನು ಇಟ್ಟ. ಹೊರಡಬೇಕಿತ್ತು, ಅಲ್ಲೇ ನಿಂತ. ನಾಳೆಯಿಂದ ಈ ಕೋಣೆಗೆ ಬರಲು ಅವನಿಗೆ ಯಾವ ಕಾರಣವೂ ಇಲ್ಲ, ಹಿಂದಿನ ಬೆಂಚು ಇದೆ, ಅಲ್ಲಿ ಕೂತರೆ ಆಯಿತು, ಕೂರಲು ಬಿಟ್ಟರೆ. ಮೊದಲ ದಿನ ಈ ಮೇಜಿನ ಮುಂದೆ ಹೀಗೇ ನಿಂತಿದ್ದ, ಅವ್ವನ ಸೀರೆಯ ವಾಸನೆಯ ಕಾಗದ ಹಿಡಿದುಕೊಂಡು. ಶರ್ಲಿ ಎದ್ದಳು. ಮಂಡಿಯ ಮೇಲೆ ಕೈಯೂರಿ, ಗೋಡೆಯ ಕಬ್ಬಿಣದ ಕಪಾಟಿನ ಕೆಳಗಿನ ಖಾನೆಯನ್ನು ಎಳೆದಳು, ಅದು ತುಕ್ಕಿಗೆ ಕಿರುಗುಟ್ಟಿತು. ಹುಡುಕಲಿಲ್ಲ, ಎಲ್ಲಿದೆಯೆಂದು ಅವಳ ಕೈಗೆ ಗೊತ್ತಿತ್ತು. ಕಂದು ಲಕೋಟೆಯ ಮೂಲೆಗಳು ಮೆತ್ತಗಾಗಿದ್ದವು. ಅದಕ್ಕೆ ಚುಚ್ಚಿದ್ದ ನ್ಯೂಯಾರ್ಕಿನ ಚೀಟಿ ಬಿಸಿಲು ಕಾಣದೆಯೂ ಹಳದಿಯಾಗಿತ್ತು. ಅದರ ಮೇಲಿನ ತಾರೀಕನ್ನು ಅವಳು ಬೆರಳಿನಿಂದ ತೋರಿಸಿದಳು, ಅವನಿಗೆ ಕಾಣದೆಂದು ನೆನಪಾಗಿ, ಮೆಲ್ಲಗೆ ಓದಿದಳು. ಅವನು ಈ ಊರಿಗೆ ಬಂದ ವರ್ಷದ್ದೇ, ಪತ್ರ ಕೊಟ್ಟ ಮೂರನೆಯ ವಾರದ್ದು. ಇವರು ಯಹೂದಿಗಳೆಂಬುದರಲ್ಲಿ ಸಂಶಯವೇನೂ ಇಲ್ಲ ಎಂದು ಬರೆದಿತ್ತಂತೆ.

ಅವನು ನೇರವಾಗಿ ನೋಡಿದ, ಕಾಗದ ಇರಲಿಲ್ಲ. ಹೀಟರಿನ ಕಡೆ ಕಣ್ಣು ಹೊರಳಿಸಿದ. ಲಕೋಟೆಯ ಬಾಯಿಂದ ಒಂದು ನೀಲಿ ನವಿಲಿನ ಕುತ್ತಿಗೆ ಓರೆಯಲ್ಲಿ ಬಂದು ನಿಂತಿತು. ಶರ್ಲಿ ಮೇಜು ಬಳಸಿ ಬಂದಳು. ಅವನ ಗಾಯವಾಗದ ಕೈಯನ್ನು ಹಿಡಿದು ಅದರೊಳಗೆ ಲಕೋಟೆಯನ್ನಿಟ್ಟಳು. ಬೆರಳುಗಳನ್ನು ಒಂದೊಂದಾಗಿ ಮಡಿಸಿ, ತನ್ನ ಕುರ್ಚಿಗೆ ಹೋಗಿ ಕುಳಿತಳು.